ಆಟದ ಯಂತ್ರಗಳ ಪಡಿಯಚ್ಚು: ‘ಮೇಮ್’ ಎಮ್ಯುಲೇಟರಿನ ಒಂದು ಕಿರು ಆವೃತ್ತಿ

ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಮುಕ್ತೇಶ್ವರ ದೇವಾಲಯದ ಶಾಸನಗಳನ್ನು ಅಭ್ಯಸಿಸುವ ವಿದ್ವಾಂಸನಿಗೆ ಕಲ್ಲಿನಷ್ಟೇ ಅದರ ಪಡಿಯಚ್ಚೂ ಅವಶ್ಯ. ಕಲ್ಲು ಸವೆಯಬಹುದು, ಒದ್ದೆಯ ಕಾಗದವನ್ನೊತ್ತಿ ಮಸಿ ತಾಕಿಸಿ ತೆಗೆದ ಅಚ್ಚು ಅಕ್ಷರಗಳನ್ನು ಉಳಿಸುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ಭಾಗವನ್ನು ಕುರಿತು ಬರೆಯುವವನಿಗೆ ಸಿಲಿಕಾನ್ ಚಿಪ್‌ಗಳಲ್ಲಿರುವ ಬರಹವೂ ಇಂಥದೇ ಆಧಾರವಾಗಿದೆ. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಬರಹವನ್ನು ಕಾಪಾಡಿರುವ ‘ಮೇಮ್’ ಎಂಬ ತಂತ್ರಾಂಶವನ್ನೂ, ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ಕಾಲೇಜುಗಳ ಉಪಯೋಗಕ್ಕಾಗಿ ಅದರಿಂದ ನಾವು ಕಟ್ಟಿದ ಕಿರು ಆವೃತ್ತಿಯನ್ನೂ ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಎಮ್ಯುಲೇಟರ್ ಎಂದರೆ ಒಂದು ಯಂತ್ರದ ನಡೆಯನ್ನು ಇನ್ನೊಂದು ಯಂತ್ರದಲ್ಲಿ ಯಥಾವತ್ತಾಗಿ ನಡೆಸಿ ತೋರಿಸುವ ತಂತ್ರಾಂಶ. ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬವರು ಬೇರೆಬೇರೆ ಆಟಗಳಿಗಾಗಿ ಬರೆದಿದ್ದ ಎಮ್ಯುಲೇಟರುಗಳನ್ನು ಒಂದರಲ್ಲಿ ಕೂಡಿಸಿ, 1997ರ ಫೆಬ್ರುವರಿ 5ರಂದು ‘ಮೇಮ್’ನ ಮೊದಲ ಆವೃತ್ತಿಯನ್ನು ಪ್ರಕಟಿಸಿದರು. ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದದ್ದೂ ಅದೇ ವರ್ಷವೆಂಬುದು ಕೇವಲ ಕಾಕತಾಳೀಯ. ಯಂತ್ರಗಳು ಹೇಗೆ ಕೆಲಸಮಾಡುತ್ತಿದ್ದವೆಂಬುದನ್ನು ದಾಖಲಿಸುವುದು ಇದರ ಕರ್ತೃಗಳು ಸಾರಿದ ಉದ್ದೇಶ. ಆಟವನ್ನು ಆಡಲು ಬರುವುದು ಆನುಷಂಗಿಕ ಫಲ. ಈ ಮಾತನ್ನು ಹಲವರು ನೆಪವೆಂದು ನಗುವುದುಂಟು. ಆದರೆ 1980ರ ‘ಪ್ಯಾಕ್-ಮ್ಯಾನ್’ನ ಇಡೀ ಕ್ರಮವಿಧಿ ಕೇವಲ 16 ಕಿಲೋಬೈಟ್‌ಗಳಲ್ಲಿ ಅಡಗಿದ್ದಿತೆಂಬುದನ್ನು ಈ ಮೂಲಸಂಹಿತೆಯಲ್ಲಿ ಓದಿ ತಿಳಿದವನು ಹಾಗೆ ನಗಲಾರ.

ಚಿಪ್‌ಗಳು ಶಿಲೆಗಿಂತ ಬಹಳ ಅಲ್ಪಾಯುಗಳು. ಅನೇಕ ಚಿಪ್‌ಗಳಲ್ಲಿ ಬರಹವು ವಿದ್ಯುದಂಶದ ರೂಪದಲ್ಲಿದ್ದು ದಶಕಗಳಲ್ಲಿ ಸೋರಿಹೋಗುತ್ತದೆ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1993ರಲ್ಲಿ ತಂದ ‘ಸಿಪಿಎಸ್-2’ ಫಲಕಗಳಲ್ಲಂತೂ ಗೂಢಲಿಪಿಯ ಕೀಲಿಯನ್ನು ಒಂದು ಬ್ಯಾಟರಿಯ ಆಸರೆಯಲ್ಲಿ ಇಡಲಾಗಿತ್ತು. ಬ್ಯಾಟರಿ ಸತ್ತರೆ ಆಟವೂ ಸಾಯುತ್ತಿತ್ತು. ಆ ಗೂಢಲಿಪಿಯ ಕ್ರಮ ಪೂರ್ಣವಾಗಿ ಬಿಡಿಸಲ್ಪಟ್ಟದ್ದು 2007ರಲ್ಲಿ. ಇದಕ್ಕಿಂತ ಮನಸ್ಸನ್ನು ಹಿಡಿಯುವ ಪ್ರಸಂಗ ‘ಪಾಲಿ-ಪ್ಲೇ’ಯದು. ಪೂರ್ವ ಜರ್ಮನಿಯ ಕಾರ್ಲ್-ಮಾರ್ಕ್ಸ್-ಸ್ಟಾಟ್ ನಗರದ ಸರಕಾರಿ ಕಾರ್ಖಾನೆಯೊಂದು 1980ರ ದಶಕದಲ್ಲಿ ಎಂಟು ಆಟಗಳುಳ್ಳ ಈ ಯಂತ್ರವನ್ನು ತಯಾರಿಸಿತು. ಅದರ ಒಂದು ಆಟದಲ್ಲಿ ‘ಪ್ಯಾಕ್-ಮ್ಯಾನ್’ನ ಭೂತಗಳ ಸ್ಥಾನದಲ್ಲಿ ತೋಳಗಳು ಮೊಲವನ್ನು ಅಟ್ಟಿಸಿಕೊಂಡು ಬರುತ್ತವೆ. 1990ರಲ್ಲಿ ಆ ರಾಷ್ಟ್ರವೇ ಇಲ್ಲವಾಯಿತು. ನಗರಕ್ಕೆ ಕೆಮ್ನಿಟ್ಸ್ ಎಂಬ ಹಳೆಯ ಹೆಸರು ಮರಳಿತು. ಯಂತ್ರಗಳಲ್ಲಿ ಉಳಿದವು ಕೆಲವೇ. ಅಳಿದ ರಾಜ್ಯದ ಶಾಸನವನ್ನು ಓದುವ ನಮಗೆ ಈ ಪರಿಸ್ಥಿತಿ ಅಪರಿಚಿತವಲ್ಲ.

ಆದರೆ ‘ಮೇಮ್’ ಬೆಳೆದು ಬೃಹತ್ಕಾಯವಾಗಿದೆ. 2015ರಲ್ಲಿ ಗೃಹಗಣಕಗಳನ್ನು ಅನುಕರಿಸುವ ‘ಮೆಸ್’ ಎಂಬ ಸೋದರ ತಂತ್ರಾಂಶವೂ ಅದರಲ್ಲಿ ಲೀನವಾಯಿತು. ಸಿದ್ಧ ಕಡತವೇ ಕೆಲವು ನೂರು ಮೆಗಾಬೈಟ್. ಅದನ್ನು ಪೂರ್ತಿಯಾಗಿ ಕಂಪೈಲ್ ಮಾಡಲು ಹೋದಾಗ ನಮ್ಮ ಹಳೆಯ ಗಣಕವು ನಡುರಾತ್ರಿಯಲ್ಲಿ ಸ್ಮೃತಿ ಸಾಲದೆ ನಿಂತುಹೋಯಿತು. ಒಮ್ಮೆಗೇ ಐದು ಕಡತಗಳನ್ನು ಕಂಪೈಲ್ ಮಾಡುವಂತೆ ಆಜ್ಞೆ ಕೊಟ್ಟಿದ್ದ ತಪ್ಪು ನಮ್ಮದೇ.

ಅದೃಷ್ಟವಶಾತ್, ಬೇಕಾದಷ್ಟನ್ನೇ ಕಟ್ಟುವ ದಾರಿಯನ್ನು ಕರ್ತೃಗಳೇ ಇಟ್ಟಿದ್ದಾರೆ. ‘ಮೇಕ್’ ಆಜ್ಞೆಯೊಡನೆ ‘ಸಬ್‌ಟಾರ್ಗೆಟ್’ ಎಂದು ಕಿರು ಆವೃತ್ತಿಗೊಂದು ಹೆಸರನ್ನೂ, ‘ಸೋರ್ಸಸ್’ ಎಂದು ಬೇಕಾದ ಯಂತ್ರವನ್ನು ವರ್ಣಿಸುವ ಕಡತವನ್ನೂ ಸೂಚಿಸಬೇಕು. ಆ ಕಡತವು ಯಾವ ಸಂಸ್ಕಾರಕವನ್ನು, ಯಾವ ಧ್ವನಿ ಚಿಪ್‌ಗಳನ್ನು ಹೆಸರಿಸಿದೆಯೋ ಅವನ್ನು ಮಾತ್ರ ಆರಿಸಿ ಉಳಿದದ್ದನ್ನು ಬಿಡಲಾಗುತ್ತದೆ. ‘ಪಾಲಿ-ಪ್ಲೇ’ಗೆ ‘ಜೆಡ್80’ ಮತ್ತು ಅದರ ಪರಿವಾರದ ಕೆಲವು ಚಿಪ್‌ಗಳಿದ್ದರೆ ಸಾಕು. ಆಯ್ಕೆ ಬದಲಾದಾಗ ‘ರೀಜಿನೀ’ ಎಂಬ ಸೂಚನೆಯನ್ನು ಸೇರಿಸದಿದ್ದರೆ ಹಿಂದಿನ ಪಟ್ಟಿಯೇ ಮತ್ತೆ ಬರುತ್ತದೆ. ಇದನ್ನು ಅರಿಯದೆ ನಾವು ಎರಡು ದಿನ ಕಳೆದೆವು. ದೊರೆತ ಫಲ ಮೂಲದ ಒಂದು ಸಣ್ಣ ಅಂಶವಷ್ಟೇ. ಬ್ಯಾಡಗಿಯ ಮೆಣಸಿನಕಾಯಿಯ ತೊಟ್ಟನ್ನು ಬಿಡಿಸಿದರೆ ಅದರ ಬಣ್ಣ ಕೆಡದಂತೆ, ಇಲ್ಲಿಯೂ ಆಟದ ನಡೆಯಲ್ಲಿ ಏನೂ ಕೆಟ್ಟಿಲ್ಲ.

ಹಾಗಿದ್ದರೂ ಒಂದು ಆಕ್ಷೇಪಣೆಯನ್ನು ನಾವು ತಳ್ಳಿಹಾಕಲಾರೆವು. ಬಿಟ್ಟದ್ದು ಏನೆಂದು ಕಿರು ಆವೃತ್ತಿ ತಾನಾಗಿ ಹೇಳುವುದಿಲ್ಲ. ಆಯ್ದ ಶಾಸನಗಳ ಸಂಗ್ರಹವನ್ನೇ ಶಾಸನಸಂಪತ್ತೆಂದು ಬಗೆದ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಅದಲ್ಲದೆ ‘ಮೇಮ್’ನಲ್ಲಿ ಪಾಠಶೋಧನೆ ನಿರಂತರ ನಡೆಯುತ್ತಿರುತ್ತದೆ: ಚಿಪ್ಪೊಂದರ ಉತ್ತಮ ಪ್ರತಿ ದೊರೆತಾಗ ಹಿಂದಿನದನ್ನು ಬದಲಿಸುತ್ತಾರೆ, ಒಂದು ಆವೃತ್ತಿಗೆ ಒಪ್ಪಿದ ಪ್ರತಿಯನ್ನು ಮುಂದಿನದು ನಿರಾಕರಿಸಬಹುದು. ಆವೃತ್ತಿಯ ಸಂಖ್ಯೆಯಿಲ್ಲದ ಕಿರು ಪ್ರತಿ, ದೊರೆತ ಸ್ಥಳವನ್ನು ಬರೆದಿಡದ ಪಡಿಯಚ್ಚಿನಂತೆ, ಸಂಶೋಧಕನಿಗೆ ನಿರುಪಯುಕ್ತ. ‘ಟೈನಿ’ ಎಂಬ ಹೆಸರಿನ ಒಂದು ಮಾದರಿ ಕಿರು ಆವೃತ್ತಿಯನ್ನು ಕರ್ತೃಗಳೇ ಇಟ್ಟುಕೊಂಡು ಬಂದರಾದರೂ ಅದು ಪರೀಕ್ಷಣೆಗಾಗಿ, ಸಂಗ್ರಹಕ್ಕಾಗಿ ಅಲ್ಲ.

ಕೃತಿಸ್ವಾಮ್ಯದ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. 2016ರಿಂದ ‘ಮೇಮ್’ ಮುಕ್ತ ಪರವಾನಗಿಯಲ್ಲಿದೆ; ಆಟಗಳು ಹಾಗಿಲ್ಲ. ನಮ್ಮ 1957ರ ಕಾಯಿದೆಗೆ 1984ರಲ್ಲಿ ಬಂದ ತಿದ್ದುಪಡಿಯಂತೆ ಗಣಕದ ಕ್ರಮವಿಧಿಯೂ ಸಾಹಿತ್ಯಕೃತಿಯೇ. ಆದಕಾರಣ ವಾಣಿಜ್ಯೇತರ ಬಳಕೆಗೆ ಅನುಮತಿಯುಳ್ಳ, ‘ಮೇಮ್’ನ ತಾಣದಲ್ಲಿಯೇ ದೊರೆಯುವ ‘ಪಾಲಿ-ಪ್ಲೇ’, ‘ಗ್ರಿಡ್‌ಲೀ’, ‘ರಾಬಿ ರೋಟೊ’ಗಳನ್ನು ಮಾತ್ರ ನಾವು ಆರಿಸಿಕೊಂಡಿದ್ದೇವೆ.

ಮೂರು ಊರುಗಳಿಗೂ ಕಳುಹಿಸುವ ಪ್ರತಿಗಳೊಡನೆ ಒಂದು ಕಾಗದವಿರುತ್ತದೆ: ಮೂಲದ ಆವೃತ್ತಿ, ಕೊಟ್ಟ ಆಜ್ಞೆಯ ಪೂರ್ಣ ಪಾಠ, ಸೇರಿದ ಕಡತಗಳ ಹೆಸರು. ಪೂರ್ಣ ಮೂಲಸಂಹಿತೆಯನ್ನು ಪ್ರತ್ಯೇಕ ಡಿಸ್ಕಿನಲ್ಲಿ ಹಾವೇರಿಯಲ್ಲಿ ಇಡಲಾಗಿದೆ.