ವಾಟ್ಸನ್ ಸಾಹೇಬರ ಕಬ್ಬಿಣದ ಮನೆ

ಮುಂಬಯಿಯ ಕಾಲಾಘೋಡಾ ಭಾಗದಲ್ಲಿ ಎಸ್‌ಪ್ಲನೇಡ್ ಮ್ಯಾನ್ಷನ್ ಎಂಬ ಐದು ಅಂತಸ್ತಿನ ಮುದಿ ಕಟ್ಟಡವೊಂದುಂಟು. ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2019ರಲ್ಲಿ ಅಲ್ಲಿದ್ದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಬಿದ್ದರು. ಭಾರತದಲ್ಲಿ ಚಲಚ್ಚಿತ್ರವು ಮೊದಲು ಕಣ್ಣು ತೆರೆದದ್ದು ಈ ಮನೆಯಲ್ಲಿಯೇ ಎಂದು ಹೇಳಿದರೆ ದಾರಿಹೋಕನು ನಂಬಲಾರ. ಆಗ ಇದರ ಹೆಸರು ವಾಟ್ಸನ್ಸ್ ಹೋಟೆಲು.

ಇದರ ಕಥೆ ಹತ್ತಿಯಿಂದ ಮೊದಲಾಗುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು. ನಮ್ಮ ದೇಶದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಧಾರವಾಡ ಸೀಮೆಯ ಅರಳೆ ಕೂಡ ಕುಮಟೆಯ ಬಂದರನ್ನು ಹಾಯ್ದು ಮುಂಬಯಿಯ ಪೇಟೆ ಸೇರುತ್ತಿದ್ದ ಕಾಲವದು. ನಗರದಲ್ಲಿ ಹಣ ಹೊಳೆಯಾಗಿ ಹರಿಯಿತು. ಗವರ್ನರ್ ಬಾರ್ಟಲ್ ಫ್ರೀಯರ್ ಹಳೆಯ ಕೋಟೆಯ ಗೋಡೆಗಳನ್ನು ಕೆಡವಿಸಿದ್ದರಿಂದ ಹೊಸ ಕಟ್ಟಡಗಳಿಗೆ ಜಾಗವೂ ದೊರೆಯಿತು. ಅಂಥ ಜಾಗವೊಂದು ಜಾನ್ ವಾಟ್ಸನ್ ಎಂಬ ಇಂಗ್ಲಿಷ್ ಬಟ್ಟೆ ವ್ಯಾಪಾರಿಯ ಕೈಸೇರಿತು.

ವಾಟ್ಸನ್ನನು ತಂದದ್ದು ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಮನೆಯನ್ನು. ನಕ್ಷೆ ಬರೆದವನು ರೋಲಂಡ್ ಮೇಸನ್ ಆರ್ಡಿಷ್. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ಭಾರಿ ಛಾವಣಿಯಲ್ಲಿಯೂ ಈ ಎಂಜಿನಿಯರನ ಕೈವಾಡವಿದೆ. ಕಂಬ, ತೊಲೆಗಳು ಹಡಗಿನಲ್ಲಿ ಬಂದವು. 1867ರಿಂದ 1869ರವರೆಗೆ ಅವನ್ನು ಇಲ್ಲಿ ಜೋಡಿಸಿ ನಿಲ್ಲಿಸಿದರು. ನೂರಮೂವತ್ತು ಕೋಣೆಗಳು, ಬೀದಿಯ ಕಡೆಗೆ ಉದ್ದಕ್ಕೂ ಮೊಗಸಾಲೆಗಳು, ನಡುವೆ ಗಾಜಿನ ಮಾಡಿನ ಕೆಳಗೆ ನೃತ್ಯಾಂಗಣ. ಪರಿಚಾರಿಕೆಯರು ಸಹ ಇಂಗ್ಲೆಂಡಿನಿಂದಲೇ! ಇಷ್ಟೆಲ್ಲ ತಂದ ಮಹರಾಯ ಅಲ್ಲಿಯ ಹವೆಯೊಂದನ್ನು ತರಲಿಲ್ಲವಲ್ಲ ಎಂದು ಜನ ನಗೆಯಾಡುತ್ತಿದ್ದರಂತೆ.

1896 ಈ ಹೋಟೆಲಿನ ಭಾಗ್ಯದ ವರ್ಷ. ಮೊದಲಲ್ಲಿ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಇಲ್ಲಿ ತಂಗಿದ. ಮೊಗಸಾಲೆಗೆ ಬರುತ್ತಿದ್ದ ಮುಂಬಯಿಯ ಕಾಗೆಗಳ ಠೀವಿಯನ್ನು ಕಂಡು ತನ್ನ ಪ್ರವಾಸಕಥನದಲ್ಲಿ ಅವಕ್ಕೂ ಸ್ಥಾನ ಕೊಟ್ಟ. ಜುಲೈ 7ರಂದು ಫ್ರಾನ್ಸಿನ ಲೂಮಿಯೇರ್ ಸಹೋದರರ ಪ್ರತಿನಿಧಿ ಮಾರಿಯಸ್ ಸೆಸ್ಟಿಯರ್ ಇಲ್ಲಿ ಆರು ಕಿರುಚಿತ್ರಗಳನ್ನು ತೋರಿಸಿದ. ಟಿಕೇಟಿಗೆ ಒಂದು ರೂಪಾಯಿ. ಒಂದರಲ್ಲಿ ರೈಲು ನಿಲ್ದಾಣಕ್ಕೆ ಬರುತ್ತದೆ. ಇನ್ನೊಂದರಲ್ಲಿ ಕೂಲಿಗಳು ಗೋಡೆಯೊಂದನ್ನು ಕೆಡವುತ್ತಾರೆ. ಹೋಟೆಲು ಬಿಳಿಯರ ಬಿಡಾರವೆಂದೇ ಹೆಸರಾಗಿತ್ತು. ಒಂದು ವಾರ ಕಳೆದ ಮೇಲೆ ಪ್ರದರ್ಶನ ನಾವೆಲ್ಟಿ ನಾಟಕಶಾಲೆಗೆ ಹೋಯಿತು. ನಮ್ಮ ಜನರಿಗೆ ಈ ವಿಸ್ಮಯ ಎಟುಕಿದ್ದು ಅಲ್ಲಿ.

ಜಮ್ಷೇಟ್‌ಜಿ ಟಾಟಾ ಅವರಿಗೆ ವಾಟ್ಸನ್ ಹೋಟೆಲಿನಲ್ಲಿ ಪ್ರವೇಶ ಸಿಗಲಿಲ್ಲ, ಆ ಅಪಮಾನವೇ ತಾಜಮಹಲ್ ಹೋಟೆಲನ್ನು ಕಟ್ಟಿಸಿತು ಎಂಬ ಕಥೆ ಜನಜನಿತವಾಗಿದೆ. ಇದು ದಾಖಲೆಗಳಿಂದ ಸಿದ್ಧಪಟ್ಟ ಮಾತಲ್ಲ. 1903ರಲ್ಲಿ ತಾಜ್ ತೆರೆದ ಮೇಲೆ ವಾಟ್ಸನ್ನನ ಕಬ್ಬಿಣ ಮಂಕಾಯಿತೆಂಬುದು ಮಾತ್ರ ನಿಜ.

ಹೋಟೆಲು ಮುಚ್ಚಿದ ಮೇಲೆ ಕೋಣೆಗಳು ಗೂಡುಗಳಾದವು. ಕೆಲವರು ಸಂಸಾರ ಹೂಡಿದರು. ಕೋರ್ಟು ನೆರೆಯಲ್ಲೇ ಇದ್ದುದರಿಂದ ವಕೀಲರು ಕಚೇರಿ ತೆರೆದರು. ನೃತ್ಯಾಂಗಣ ಕಸದ ಗುಂಡಿಯಾಯಿತು. 1947ರ ಬಾಡಿಗೆ ನಿಯಂತ್ರಣ ಕಾನೂನು ಬಡ ಬಾಡಿಗೆದಾರನಿಗೆ ನೆರಳಾದದ್ದು ಸುಳ್ಳಲ್ಲ. ಆದರೆ ಮುಂಬಯಿಯ ಇಂಥ ಎಷ್ಟೋ ಮನೆಗಳಲ್ಲಿ, ಬರುವ ಬಾಡಿಗೆ ದುರಸ್ತಿಗೂ ಸಾಲದೆಂದು ಮಾಲೀಕ ಕೈಕಟ್ಟಿ ಕುಳಿತ, ಮನೆ ತನ್ನದಲ್ಲವೆಂದು ಬಾಡಿಗೆದಾರ ಸುಮ್ಮನಾದ. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂಬ ಗಾದೆಗೆ ಬೇರೆ ನಿದರ್ಶನ ಬೇಕಿಲ್ಲ. ಉಪ್ಪುಗಾಳಿಯೂ ಮುಂಗಾರು ಮಳೆಯೂ ಮಾತ್ರ ತಮ್ಮ ಕೆಲಸ ಮರೆಯಲಿಲ್ಲ.

2005ರ ಜೂನ್ ತಿಂಗಳಲ್ಲಿ ಜಗತ್ತಿನ ಅಪಾಯಕ್ಕೀಡಾದ ನೂರು ಸ್ಮಾರಕಗಳ ಪಟ್ಟಿಯಲ್ಲಿ ಇದರ ಹೆಸರು ಕಾಣಿಸಿತು. ಮರುತಿಂಗಳೇ ಪಶ್ಚಿಮದ ಮೊಗಸಾಲೆಯ ಭಾಗ ಬೀದಿಗೆ ಕುಸಿದು ಒಬ್ಬನ ಪ್ರಾಣ ಹೋಯಿತು. 2019ರಲ್ಲಿ ಮುಂಬಯಿಯ ಐ.ಐ.ಟಿ. ತಜ್ಞರು ಕಟ್ಟಡವನ್ನು ಕೆಡವುವುದೇ ಲೇಸೆಂದರು. ಸಂರಕ್ಷಣೆಯಲ್ಲಿ ಪಳಗಿದ ಇತರರು ಉಳಿಸಬಹುದೆಂದರು. ಮನುಷ್ಯನ ಜೀವಕ್ಕಿಂತ ಹಳೆಯ ಕಂಬ ದೊಡ್ಡದಲ್ಲ, ಒಪ್ಪತಕ್ಕ ಮಾತೇ. ಆದರೆ ಕೆಡವುವುದೋ ಉಳಿಸುವುದೋ ಎಂಬ ಪ್ರಶ್ನೆ ಏಳುವ ಮೊದಲು, ವರ್ಷಕ್ಕೊಮ್ಮೆ ತುಕ್ಕು ಕೆರೆದು ಬಣ್ಣ ಬಳಿಯುವವರು ಯಾರು ಎಂಬ ಸಣ್ಣ ಪ್ರಶ್ನೆಯೊಂದಿತ್ತು. ಅದಕ್ಕೆ ಉತ್ತರ ಕೊಡದ ನಗರ ದೊಡ್ಡ ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ.

ಆ ಗೋಡೆ ಕೆಡವುವ ಚಿತ್ರವನ್ನು ಲೂಮಿಯೇರರು ಹಿಂದುಮುಂದಾಗಿಯೂ ಓಡಿಸಿ ತೋರಿಸುತ್ತಿದ್ದುದುಂಟು. ಬಿದ್ದ ಗೋಡೆ ಧೂಳು ಕೊಡವಿಕೊಂಡು ತಾನಾಗಿ ಎದ್ದು ನಿಲ್ಲುತ್ತಿತ್ತು. ಪರದೆಯ ಮೇಲೆ ಸುಲಭವಾದ ಆ ಚಮತ್ಕಾರ ಬೀದಿಯಲ್ಲಿ ನಡೆಯುವಂಥದಲ್ಲ.