ಖಾಲಿ ಆವೃತ್ತಿಗಳ ಗಣತಿ: ತರಂಗಗುಚ್ಛ ಬಳಕೆಯ ಮಾಪನ ಮತ್ತು ಕಾಗ್ನಿಟಿವ್ ರೇಡಿಯೊದ ಚರಿತ್ರೆ

ರೇಡಿಯೊ ತರಂಗಗುಚ್ಛವು ವಿರಳವಾದ ಸಂಪತ್ತು ಎಂಬ ಗ್ರಹಿಕೆ ಇಪ್ಪತ್ತನೆಯ ಶತಮಾನದ ಸಂಪರ್ಕ ನೀತಿಗೆ ತಳಹದಿಯಾಗಿತ್ತು. ಅಮೆರಿಕದಲ್ಲಿ 1912ರ ರೇಡಿಯೊ ಕಾಯಿದೆಯೊಂದಿಗೆ ರೂಪುಗೊಂಡ ಪರವಾನಗಿ ಪದ್ಧತಿಯು 1927ರಲ್ಲಿ ಫೆಡರಲ್ ರೇಡಿಯೊ ಆಯೋಗ, 1934ರಲ್ಲಿ ಫೆಡರಲ್ ಸಂಪರ್ಕ ಆಯೋಗ ಸ್ಥಾಪನೆಗೊಳ್ಳುವುದರೊಂದಿಗೆ ಬಲಗೊಂಡಿತು. ರೇಡಿಯೊ ಸೌಲಭ್ಯಗಳು ಬಯಸಿದವರೆಲ್ಲರಿಗೂ ಸಾಲುವಷ್ಟಿಲ್ಲ ಎಂಬ ಕಾರಣದ ಮೇಲೆಯೇ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1943ರಲ್ಲಿ ಈ ನಿಯಂತ್ರಣವನ್ನು ಎತ್ತಿಹಿಡಿಯಿತು. 1959ರಲ್ಲಿ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಈ ತರ್ಕವನ್ನು ಪ್ರಶ್ನಿಸಿದರು. ವಿರಳತೆಯೆಂಬುದು ಎಲ್ಲ ಸಂಪತ್ತಿಗೂ ಸಾಮಾನ್ಯವಾದ ಗುಣ, ಆದುದರಿಂದ ಬೆಲೆಯ ಮೂಲಕ ಇದನ್ನೂ ಹಂಚಬಹುದು ಎಂಬುದು ಅವರ ವಾದ. ಆದರೆ ಹಂಚಿಕೆಯಾದ ಆವೃತ್ತಿಗಳಲ್ಲಿ ನಿಜವಾಗಿ ಬಳಕೆಯಾಗುತ್ತಿರುವುದೆಷ್ಟು ಎಂಬ ಪ್ರಶ್ನೆ ಈ ಚರ್ಚೆಯ ಕೇಂದ್ರಕ್ಕೆ ಬರಲು ಇನ್ನೂ ನಾಲ್ಕು ದಶಕಗಳು ಬೇಕಾದವು. ಆ ಪ್ರಶ್ನೆಗೆ ದೊರೆತ ಉತ್ತರಗಳನ್ನೂ, ಉತ್ತರವಾಗಿ ಬಂದ ಅಂಕಿಗಳ ಗತಿಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪಹಣಿಯಲ್ಲಿ ಸಾಗುವಳಿದಾರನ ಹೆಸರಿದ್ದ ಮಾತ್ರಕ್ಕೆ ಹೊಲದಲ್ಲಿ ಪೈರಿದೆ ಎನ್ನಲಾಗದು. ಅದು ವರ್ಷಗಳಿಂದ ಬೀಳುಬಿದ್ದಿರಬಹುದು. ಆವೃತ್ತಿ ಹಂಚಿಕೆಯ ಪಟ್ಟಿಯೂ ಅಂತಹದೇ ಒಂದು ಪಹಣಿ. ಹೊಲಕ್ಕೆ ಹೋಗಿ ನೋಡುವ ಕೆಲಸವನ್ನು ಇಲ್ಲಿ ಆಂಟೆನಾ ಮತ್ತು ಸ್ಪೆಕ್ಟ್ರಮ್ ಅನಲೈಜರ್ ಮಾಡಬೇಕು. ಆವೃತ್ತಿಗಳನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿಯೂ ಒದಗುವ ಶಕ್ತಿಯನ್ನು ಮತ್ತೆ ಮತ್ತೆ ಅಳೆದು, ಮೊದಲೇ ಗೊತ್ತುಪಡಿಸಿದ ಮಿತಿಮಟ್ಟವನ್ನು ಅದು ಮೀರಿದಾಗಲೆಲ್ಲ ಆ ಭಾಗ ಬಳಕೆಯಲ್ಲಿದೆ ಎಂದು ದಾಖಲಿಸಲಾಗುತ್ತದೆ. ಹೀಗೆ ದಾಖಲಾದ ವೇಳೆಯ ಪ್ರಮಾಣವೇ ‘ಬಳಕೆಯ ಶೇಕಡಾವಾರು’. ಕೇಳಲು ಸರಳವಾದ ಈ ವಿಧಾನದಲ್ಲಿ ಎಲ್ಲವೂ ಆ ಮಿತಿಮಟ್ಟದ ಮೇಲೆ ನಿಂತಿದೆ ಎಂಬುದನ್ನು ಇಲ್ಲಿಯೇ ನಮೂದಿಸುವುದು ಸೂಕ್ತ.

ಕಾಗ್ನಿಟಿವ್ ರೇಡಿಯೊ ಎಂಬ ಹೆಸರು ಹುಟ್ಟುವ ಮುನ್ನವೇ ಇಂತಹ ಸಮೀಕ್ಷೆಗಳು ನಡೆದಿದ್ದವು. 1990ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಎನ್‌ಟಿಐಎ ಡೆನ್ವರ್, ಸ್ಯಾನ್ ಡಿಯಾಗೊ ಮತ್ತು ಲಾಸ್ ಏಂಜಲೀಸ್ ನಗರಗಳಲ್ಲಿ 108 ಮೆಗಾಹರ್ಟ್ಸ್‌ನಿಂದ 19.7 ಗಿಗಾಹರ್ಟ್ಸ್‌ವರೆಗಿನ ವ್ಯಾಪ್ತಿಯನ್ನು ಅಳೆಯಿತು. ಈ ಸಮೀಕ್ಷೆಗಳ ಎಚ್ಚರ ಮೆಚ್ಚತಕ್ಕದ್ದು. ಉದಾಹರಣೆಗೆ, ತಿರುಗುವ ರೇಡಾರಿನ ಕಿರಣ ಮಾಪಕದ ಕಡೆಗೆ ಹೊರಳುವುದು ಕೆಲವು ಸೆಕೆಂಡುಗಳಿಗೊಮ್ಮೆ ಮಾತ್ರ. ಅನಲೈಜರ್ ಅವಸರದಿಂದ ಮುಂದಿನ ಆವೃತ್ತಿಗೆ ಸರಿದರೆ ರೇಡಾರು ಇಲ್ಲವೆಂದೇ ದಾಖಲಾಗುತ್ತದೆ. ಆದುದರಿಂದ ರೇಡಾರ್ ಪಟ್ಟಿಗಳಲ್ಲಿ ಒಂದು ಸುತ್ತು ಪೂರ್ಣವಾಗುವವರೆಗೆ ಒಂದೇ ಆವೃತ್ತಿಯಲ್ಲಿ ಕಾದು ಅಳೆಯುವ ಕ್ರಮವನ್ನು ಅನುಸರಿಸಲಾಯಿತು. ಫಲಿತಾಂಶಗಳನ್ನು ಪಟ್ಟಿವಾರು ನಕ್ಷೆಗಳಾಗಿ, ವಿವರಣೆಗಳೊಡನೆ ಪ್ರಕಟಿಸಲಾಯಿತು. ಅವು ಇಲಾಖೆಯ ಕೆಲಸಕ್ಕೆ ಸಿದ್ಧವಾದ ವರದಿಗಳು. ಸಾರ್ವಜನಿಕ ವಾದಕ್ಕೆ ಒದಗುವಂತಹವಲ್ಲ.

ವಾದಕ್ಕೆ ಬೇಕಾದ ಸಂದರ್ಭ ಒದಗಿದ್ದು ಅನಂತರ. 1999ರಲ್ಲಿ ಜೋಸೆಫ್ ಮಿಟೋಲಾ ಅವರು ಜೆರಾಲ್ಡ್ ಮಗ್ವೈರ್ ಅವರೊಡನೆ ಪ್ರಕಟಿಸಿದ ಲೇಖನದಲ್ಲಿ ಕಾಗ್ನಿಟಿವ್ ರೇಡಿಯೊ, ಅಂದರೆ ತನ್ನ ಪರಿಸರವನ್ನೂ ಬಳಕೆದಾರನ ಅಗತ್ಯವನ್ನೂ ಅರಿತು ವರ್ತಿಸುವ ರೇಡಿಯೊ, ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. 2000ದಲ್ಲಿ ಸ್ಟಾಕ್‌ಹೋಮಿನಲ್ಲಿ ಅದು ಅವರ ಡಾಕ್ಟರೇಟ್ ಪ್ರಬಂಧವಾಯಿತು. ಮಿಟೋಲಾ ಅವರ ಕಲ್ಪನೆ ಬಹಳ ವಿಶಾಲವಾದುದು. ಆದರೆ ಮುಂದೆ ಅದರಲ್ಲಿ ಉಳಿದುಕೊಂಡ ಮುಖ್ಯ ಅಂಶ ಒಂದೇ: ಪರವಾನಗಿದಾರ ಬಳಸದ ಆವೃತ್ತಿಯನ್ನು ಕಂಡುಹಿಡಿದು, ಅವನಿಗೆ ತೊಂದರೆಯಾಗದಂತೆ ಬಳಸಿಕೊಳ್ಳುವುದು. 2002ರಲ್ಲಿ ಫೆಡರಲ್ ಸಂಪರ್ಕ ಆಯೋಗದ ತರಂಗಗುಚ್ಛ ನೀತಿ ಕಾರ್ಯಪಡೆಯು, ಅನೇಕ ಪಟ್ಟಿಗಳಲ್ಲಿ ಭೌತಿಕ ಕೊರತೆಗಿಂತ ಪ್ರವೇಶದ ಅಡಚಣೆಯೇ ದೊಡ್ಡ ಸಮಸ್ಯೆ ಎಂದು ವರದಿ ಮಾಡಿತು. ಇದನ್ನು ಸಮರ್ಥಿಸಲು ಅಂಕಿಗಳು ಬೇಕಾಗಿದ್ದವು.

ಅವುಗಳನ್ನು ಒದಗಿಸಿದುದು ಮಾರ್ಕ್ ಮೆಕ್‌ಹೆನ್ರಿ ಅವರ ಶೇರ್ಡ್ ಸ್ಪೆಕ್ಟ್ರಮ್ ಕಂಪನಿ. 2004-05ರಲ್ಲಿ ಈ ತಂಡವು ಹಲವು ಸ್ಥಳಗಳಲ್ಲಿ 30 ಮೆಗಾಹರ್ಟ್ಸ್‌ನಿಂದ ಸುಮಾರು 3 ಗಿಗಾಹರ್ಟ್ಸ್‌ವರೆಗೆ ಅಳತೆ ನಡೆಸಿತು. ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಾವೇಶದಿಂದ ಸಂಪರ್ಕ ದಟ್ಟಣೆ ಹೆಚ್ಚಿದ್ದ ದಿನಗಳಲ್ಲಿಯೇ ನ್ಯೂಯಾರ್ಕಿನಲ್ಲಿ ಕಂಡ ಬಳಕೆ ಶೇ. 13.1 ಮಾತ್ರ. ಇಲಿನಾಯ್ ತಾಂತ್ರಿಕ ಸಂಸ್ಥೆಯೊಡನೆ 2005ರಲ್ಲಿ ಷಿಕಾಗೊದಲ್ಲಿ ಅಳೆದಾಗ ಅದು ಶೇ. 17.4. ಪಶ್ಚಿಮ ವರ್ಜೀನಿಯದ ಗ್ರೀನ್ ಬ್ಯಾಂಕಿನಲ್ಲಿ ಸುಮಾರು ಶೇ. 1. ಈ ಕೊನೆಯ ಸಂಖ್ಯೆ ಕುತೂಹಲಕರವಾದುದು. ಗ್ರೀನ್ ಬ್ಯಾಂಕ್ ಇರುವುದು 1958ರಲ್ಲಿ ರೇಡಿಯೊ ಖಗೋಳ ವೀಕ್ಷಣೆಗಾಗಿ ಘೋಷಿತವಾದ ಮೌನ ವಲಯದಲ್ಲಿ. ಅಲ್ಲಿ ಉಳಿದ ಶೇ. 99 ಪಾಲು ಬೀಳುಬಿದ್ದಿದೆಯೆಂದು ಹೇಳಬಹುದೆ? ಖಗೋಳಜ್ಞನ ದೃಷ್ಟಿಯಲ್ಲಿ ಆ ಮೌನವೇ ಬಳಕೆ. ನಮ್ಮ ಗೌರಿಬಿದನೂರಿನ ವೀಕ್ಷಣಾಲಯದಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಈ ತೊಡಕು ಖಗೋಳ ವಿಜ್ಞಾನಕ್ಕಷ್ಟೇ ಸೀಮಿತವಲ್ಲ. ಜಿಪಿಎಸ್ ಉಪಗ್ರಹಗಳು 1575.42 ಮೆಗಾಹರ್ಟ್ಸ್‌ನಲ್ಲಿ ಕಳುಹಿಸುವ ಸಂಕೇತವು ನೆಲ ಮುಟ್ಟುವಾಗ ಗ್ರಾಹಕದ ಸಹಜ ಉಷ್ಣಗದ್ದಲಕ್ಕಿಂತಲೂ ಹತ್ತಾರು ಪಟ್ಟು ದುರ್ಬಲವಾಗಿರುತ್ತದೆ. ಸಂಕೇತದ ಗುಟ್ಟನ್ನು ಬಲ್ಲ ಗ್ರಾಹಕ ಅದನ್ನು ಹೊರತೆಗೆಯಬಲ್ಲದು. ಶಕ್ತಿಯನ್ನಷ್ಟೇ ಅಳೆಯುವ ಅನಲೈಜರಿಗೆ ಅಲ್ಲಿ ಏನೂ ಕಾಣದು. ಲೋಕವೆಲ್ಲ ನೆಚ್ಚಿಕೊಂಡಿರುವ ಪಟ್ಟಿಯೊಂದು ಗಣತಿಯಲ್ಲಿ ಖಾಲಿಯೆಂದು ಬರೆಯಲ್ಪಡುತ್ತದೆ.

ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂದಿತು. 2007ರಲ್ಲಿ ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ 20 ಮೆಗಾಹರ್ಟ್ಸ್‌ನಿಂದ 3 ಗಿಗಾಹರ್ಟ್ಸ್‌ವರೆಗಿನ ಬಳಕೆಯು ಕಟ್ಟಡದ ಒಳಗೆ ಸುಮಾರು ಶೇ. 32, ಹೊರಗೆ ಹೆಚ್ಚುಕಡಿಮೆ ಶೇ. 100. ಮರುವರ್ಷ ಪ್ರಕಟವಾದ ಸಿಂಗಪುರದ ಸಮೀಕ್ಷೆಯಲ್ಲಿ 80 ಮೆಗಾಹರ್ಟ್ಸ್‌ನಿಂದ 5850 ಮೆಗಾಹರ್ಟ್ಸ್‌ವರೆಗಿನ ಸರಾಸರಿ ಶೇ. 4.54. ಸಿಂಗಪುರದಂತಹ ಜನನಿಬಿಡ ನಗರಕ್ಕಿಂತ ಆಖೆನ್ ಇಪ್ಪತ್ತು ಪಟ್ಟು ಹೆಚ್ಚು ಮಾತನಾಡುತ್ತಿತ್ತೆಂದು ಯಾರೂ ನಂಬಲಾರರು. ಆಖೆನ್ ಸಂಶೋಧಕರು ಮಿತಿಮಟ್ಟವನ್ನು ಬಹಳ ಕೆಳಗೆ ಇಟ್ಟಿದ್ದರಿಂದ ಹೊರಾಂಗಣದ ಪರಿಸರ ಗದ್ದಲವೂ ಬಳಕೆಯಾಗಿ ದಾಖಲಾಯಿತು. ಆ ಸಂಶೋಧಕರು ಇದನ್ನು ಸ್ಪಷ್ಟವಾಗಿಯೇ ಹೇಳಿದ್ದಾರೆ. ಆದರೆ ಮುಂದೆ ನೂರಾರು ಪ್ರಬಂಧಗಳ ಪೀಠಿಕೆಗಳಲ್ಲಿ ಪುನರಾವರ್ತನೆಗೊಂಡದ್ದು ನ್ಯೂಯಾರ್ಕಿನಂತಹ ಸಣ್ಣ ಸಂಖ್ಯೆಗಳು; ಆಂಟೆನಾ, ಎತ್ತರ, ಮಿತಿಮಟ್ಟಗಳ ವಿವರ ಅವುಗಳಿಂದ ಕಳಚಿಹೋಯಿತು. ಅಳತೆಗಾರರಿಗಿಂತ ಉಲ್ಲೇಖಿಸಿದವರ ಲೋಪವಿದು ಎಂದು ಈ ಲೇಖಕನ ಅಭಿಪ್ರಾಯ.

ಮಿತಿಮಟ್ಟದ ಪ್ರಶ್ನೆ ಪಂಡಿತರ ಜಿಜ್ಞಾಸೆಯಾಗಿ ಉಳಿಯಲಿಲ್ಲ. 2008ರ ನವೆಂಬರಿನಲ್ಲಿ ಫೆಡರಲ್ ಸಂಪರ್ಕ ಆಯೋಗವು ಟಿವಿ ಪಟ್ಟಿಗಳ ಖಾಲಿ ವಾಹಿನಿಗಳನ್ನು ಪರವಾನಗಿಯಿಲ್ಲದ ಸಾಧನಗಳಿಗೆ ತೆರೆದಾಗ, ಅವು –114 ಡಿಬಿಎಂ ಮಟ್ಟದ ಸಂಕೇತವನ್ನೂ ಗುರುತಿಸಬೇಕೆಂದು ವಿಧಿಸಿತು. ಡಿಜಿಟಲ್ ಟಿವಿಗೆ ಚಿತ್ರ ಮೂಡಲು ಬೇಕಾಗುವುದು ಸುಮಾರು –84 ಡಿಬಿಎಂ. ಅದರ ಸಾವಿರದ ಒಂದು ಪಾಲನ್ನು ಕಂಡುಹಿಡಿಯಬೇಕೆಂಬುದು ನಿಯಮ. ಕಾರಣ ಸರಳ. ಮಾಳಿಗೆಯ ಮೇಲಿನ ಆಂಟೆನಾಕ್ಕೆ ಚೆನ್ನಾಗಿ ದೊರೆಯುವ ಸಂಕೇತ ಅದೇ ಮನೆಯ ನೆಲಮಾಳಿಗೆಯಲ್ಲಿರುವ ಸಾಧನಕ್ಕೆ ದೊರೆಯದೆ ಹೋಗಬಹುದು. ಸಾಧನವು ವಾಹಿನಿ ಖಾಲಿಯೆಂದು ಬಗೆದು ಪ್ರಸಾರ ಮಾಡಿದರೆ ಕೆಡುವುದು ನೆರೆಯವರ ಟಿವಿ. 2007ರಲ್ಲಿ ಆಯೋಗದ ಪ್ರಯೋಗಾಲಯವು ಪರೀಕ್ಷಿಸಿದ ಮಾದರಿ ಸಾಧನಗಳು ಈ ಕೆಲಸವನ್ನು ಒಂದೇ ಸಮನೆ ನಿರ್ವಹಿಸಿರಲಿಲ್ಲ. 2010ರಲ್ಲಿ ಆಯೋಗವು ತನ್ನ ಸ್ಥಾನವನ್ನು ಅರಿತು ದತ್ತಸಂಚಯವನ್ನು ವಿಚಾರಿಸುವ ಸಾಧನಗಳಿಗೆ ಆಲಿಸುವ ಕಡ್ಡಾಯವನ್ನು ತೆಗೆದುಹಾಕಿತು. ಹೊಲವನ್ನು ಬಿಟ್ಟು ಮತ್ತೆ ಪಹಣಿಗೆ ಮರಳಿದಂತಾಯಿತು, ಆದರೆ ಈ ಬಾರಿ ಸತತವಾಗಿ ತಿದ್ದುಪಡಿಯಾಗುವ ಪಹಣಿ.

ಭಾರತದಲ್ಲಿ ಈ ಎರಡನೆಯ ಮಾರ್ಗವೇ ಮುಖ್ಯ ಅಧ್ಯಯನಕ್ಕೆ ಆಧಾರವಾಯಿತು. 2014ರಲ್ಲಿ ಮುಂಬಯಿಯ ಐಐಟಿಯ ಸಂಶೋಧಕರು ದೂರದರ್ಶನದ ಪ್ರಸಾರಕಗಳ ಸ್ಥಾನ, ಎತ್ತರ, ಶಕ್ತಿಗಳಿಂದ ಲೆಕ್ಕ ಹಾಕಿ, 470-590 ಮೆಗಾಹರ್ಟ್ಸ್‌ನ 15 ವಾಹಿನಿಗಳಲ್ಲಿ ಕನಿಷ್ಠ 12 ದೇಶದ ಬಹುತೇಕ ಎಲ್ಲೆಡೆ ಲಭ್ಯವಿವೆ ಎಂದು ತೋರಿಸಿದರು. ಇದು ಗಣನೆಯಿಂದ ಬಂದ ಸಂಖ್ಯೆ, ಸ್ಪೆಕ್ಟ್ರಮ್ ಅನಲೈಜರಿನ ಗಣತಿಯಿಂದ ಬಂದುದಲ್ಲ. ಮಾಪನದ ಮಟ್ಟಿಗೆ, 2011ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಎಸ್‌ಎಂ. 1880 ಎಂಬ ಶಿಫಾರಸಿನ ಮೂಲಕ ಬಳಕೆಯನ್ನು ಅಳೆಯುವ ಕ್ರಮವನ್ನು ನಿರೂಪಿಸಿತು.

ಆಲಿಸುವ ಮಾಪಕ ಪೂರ್ತಿ ಮರೆಯಾಗಲಿಲ್ಲ. ಅಮೆರಿಕದ ನೌಕಾಪಡೆಯ ರೇಡಾರುಗಳಿರುವ 3550-3700 ಮೆಗಾಹರ್ಟ್ಸ್ ಪಟ್ಟಿಯನ್ನು ಇತರರೊಡನೆ ಹಂಚಿಕೊಳ್ಳಲು 2015ರಲ್ಲಿ ನಿಯಮಗಳಾದವು. 2020ರಲ್ಲಿ ಪೂರ್ಣ ವಾಣಿಜ್ಯ ಬಳಕೆಗೆ ಅನುಮತಿ ದೊರೆಯಿತು. ಹಡಗುಗಳ ಸಂಚಾರವನ್ನು ದತ್ತಸಂಚಯದಲ್ಲಿ ಬರೆದಿಡುವಂತಿಲ್ಲವಾದುದರಿಂದ ಕರಾವಳಿಯುದ್ದಕ್ಕೂ ಸಂವೇದಕಗಳನ್ನು ಸ್ಥಾಪಿಸಲಾಯಿತು. ಇವು ಶೇಕಡಾವಾರನ್ನು ಕೊಡುವುದಿಲ್ಲ. ನಿರ್ದಿಷ್ಟ ರೇಡಾರಿನ ಸಂಕೇತ ಇದೆಯೇ ಎಂಬುದನ್ನಷ್ಟೇ ತಿಳಿಸುತ್ತವೆ. ಅದು ಕೇಳಿಸಬೇಕಾದರೆ ಸುತ್ತಲಿನ ಸದ್ದು ಕಡಿಮೆಯಿರಬೇಕು. ಹೀಗಾಗಿ ಆ ಸಂವೇದಕಗಳ ಆಸುಪಾಸಿನಲ್ಲಿ ಇತರ ಬಳಕೆದಾರರ ಪ್ರಸಾರಶಕ್ತಿಗೆ ಮಿತಿ ಹೇರಬೇಕಾಯಿತು.