ಹೊಳೆಗೆ ಮರಳುವ ನೀರು

ಗೋಕಾಕದ ಜಲಪಾತವನ್ನು ಕುರಿತು ಮಾತನಾಡುವುದು ಸುಲಭ. ಘಟಪ್ರಭೆಯು 52 ಮೀಟರು ಆಳಕ್ಕೆ ಧುಮುಕುವ ಆ ದೃಶ್ಯವೇ ಮಾತನ್ನು ಒದಗಿಸುತ್ತದೆ. ಅದೇ ಹೊಳೆಯ ದಂಡೆಯ ಊರುಗಳಲ್ಲಿ ಬಚ್ಚಲಿನಿಂದ ಹೊರಬೀಳುವ ನೀರಿನ ಚರಿತ್ರೆಯನ್ನು ಹೇಳಹೊರಟರೆ ಕೇಳುವವರು ಮೂಗು ಮುಚ್ಚಿಕೊಂಡಾರು. ಆದರೂ ಹೇಳಬೇಕಾಗಿದೆ.

ನೀರನ್ನು ತರುವ ವಿದ್ಯೆ ನಮ್ಮ ಸೀಮೆಗೆ ಹಳೆಯದು. ಆದಿಲಶಾಹಿ ಕಾಲದ ಗುಮ್ಮಟಗಳಿರುವ ಹುಕ್ಕೇರಿಗೆ ಊರ ಹೊರಗಿನ ಸೆಲೆಯ ನೀರನ್ನು ನೆಲದಡಿಯ ಕಾಲುವೆಯಲ್ಲಿ ತಂದಿದ್ದರು. ಗೋಕಾಕದ ಗಿರಣಿಯ ಕಂಪನಿ 1885ರಲ್ಲಿ ಸ್ಥಾಪನೆಯಾಯಿತು; 1887ರಲ್ಲಿ ಜಲಪಾತದ ಬಲ ದುಡಿಮೆಗೆ ಬಂದಿತು. ದೇಶದ ಮೊದಲ ಜಲವಿದ್ಯುತ್ತು ತಮ್ಮದೇ ಎಂಬ ಅಭಿಮಾನ ಊರವರಿಗೆ ಇಂದಿಗೂ ಇದೆ. 1897ರಲ್ಲಿ ಧೂಪದಾಳದ ಒಡ್ಡು, 1977ರಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುವ ಅಣೆಕಟ್ಟು. ಇವೆಲ್ಲ ಹೊಳೆಯಿಂದ ಪಡೆದುದರ ಲೆಕ್ಕ. ಮರಳಿ ಕೊಟ್ಟುದರ ಲೆಕ್ಕವನ್ನು ಯಾವ ಶಿಲಾಫಲಕದಲ್ಲಿಯೂ ಕೆತ್ತಿಲ್ಲ.

ಹಿಂದೆ ಆ ಲೆಕ್ಕದ ಅವಶ್ಯಕತೆಯೂ ಇರಲಿಲ್ಲವೆನ್ನಿ. ಹೊತ್ತು ತಂದ ನಾಲ್ಕು ಕೊಡ ನೀರು ಬಚ್ಚಲಿನಿಂದ ಹಿತ್ತಲ ಬಾಳೆಗೆ ಹೋಗಿ ಅಲ್ಲಿಯೇ ಇಂಗುತ್ತಿತ್ತು. ಮನೆಗೆ ನಳ ಬಂದಿತು, ಹಿತ್ತಲು ಕಿರಿದಾಯಿತು. ನೀರು ಗಟಾರ ಸೇರಿ, ಗಟಾರ ಹಳ್ಳ ಸೇರಿ, ಹಳ್ಳ ಹೊಳೆ ಸೇರಿತು. ಕೆರೆ, ಮಡು, ತೊರೆ, ಸೆಲೆ, ಒರತೆ ಎಂದು ನೀರಿಗೆ ಇಷ್ಟು ಹೆಸರಿಟ್ಟ ನಾವು ಗಟಾರವೆಂಬ ಮಾತನ್ನು ಮಾತ್ರ ಮರಾಠಿಯಿಂದ ಕಡ ತಂದೆವು. ಭಾಷೆಯ ಮೇಷ್ಟರಿಗೆ ಇಂತಹವೇ ಕಣ್ಣಿಗೆ ಬೀಳುತ್ತವೆ.

ಹರಿಯುವ ನೀರಿಗೆ ಮೈಲಿಗೆಯಿಲ್ಲವೆಂಬ ನಂಬಿಕೆ ಪೂರ್ತಿ ಸುಳ್ಳಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಸೂಕ್ಷ್ಮಜೀವಿಗಳು ಕೊಳೆಯನ್ನು ಜೀರ್ಣಿಸುತ್ತವೆ. ಆದರೆ ಆ ಶಕ್ತಿಗೆ ಮಿತಿಯುಂಟು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಈ ಆಮ್ಲಜನಕದ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು; ಊರ ಕೊಳೆನೀರಿನಲ್ಲಿ ಅದು ಸುಮಾರು 250. ಅಂದಮೇಲೆ, ಹೊಳೆ ಎಷ್ಟೇ ನಿರ್ಮಲವಾಗಿದ್ದರೂ ಒಂದು ಕೊಡ ಕೊಳೆಗೆ ಎಂಬತ್ತು ಕೊಡಕ್ಕೂ ಮಿಕ್ಕ ನೀರು ಬೇಕು. ಮಳೆಗಾಲದಲ್ಲಿ ಅಷ್ಟಿರುತ್ತದೆ. ಬೇಸಿಗೆಯಲ್ಲಿ ನೀರು ಅಣೆಕಟ್ಟಿನಲ್ಲಿಯೂ ಕಾಲುವೆಯಲ್ಲಿಯೂ ಇರುತ್ತದೆ, ಹೊಳೆಯಲ್ಲಿ ಬಂಡೆಗಳಿರುತ್ತವೆ. ಮೇಲಾಗಿ ಗೋಕಾಕಕ್ಕೆ ತನ್ನ ಕೊಳೆಯಷ್ಟೇ ಪಾಲಿಗೆ ಬಂದಿಲ್ಲ. ಬೆಳಗಾವಿಯ ಬಳ್ಳಾರಿ ನಾಲೆ ಸೇರುವ ಮಾರ್ಕಂಡೇಯ ನದಿ ಬರುವುದು ಈ ಊರಿಗೇ. ಗೋಕಾಕದವರು ಬಿಟ್ಟುದು ಕೆಳಗೆ ಮೂಡಲಗಿ ಸೀಮೆಯ ದಂಡೆಯ ಹಳ್ಳಿಗಳಿಗೆ.

ಹೊಳೆ ಮಾಡುವ ಕೆಲಸವನ್ನೇ ತೊಟ್ಟಿಯಲ್ಲಿ ಅವಸರದಿಂದ ಮಾಡಿಸುವುದು ಶುದ್ಧೀಕರಣ ಘಟಕ. ಗಾಳಿಯನ್ನು ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಕೆಳಗೆ ಕೂತ ರೊಜ್ಜಿನ ಒಂದು ಪಾಲನ್ನು ಹೆಪ್ಪಿನಂತೆ ಮತ್ತೆ ಮೊದಲ ತೊಟ್ಟಿಗೆ ಬಿಡುತ್ತಾರೆ. ಈ ಕ್ರಮವನ್ನು ಆರ್ಡರ್ನ್ ಮತ್ತು ಲಾಕೆಟ್ ಎಂಬವರು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರಕಟಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ವಿದ್ಯೆ ಅಷ್ಟು ಬೇಗ ನಮ್ಮ ನಾಡನ್ನು ಮುಟ್ಟಿತು. ಜಲಮಾಲಿನ್ಯ ನಿಯಂತ್ರಣದ ಕಾಯಿದೆ ಬಂದುದು ಮಾತ್ರ 1974ರಲ್ಲಿ. ಧೂಪದಾಳದ ಹಿನ್ನೀರು ಪಕ್ಷಿಧಾಮವಾದುದೂ ಅದೇ ವರ್ಷ. ದೂರದಿಂದ ಬರುವ ಕೊಕ್ಕರೆಗಳಿಗೆ ಕಾಯಿದೆ ಓದಲು ಬಾರದು, ನೀರನ್ನು ಮಾತ್ರ ಅವು ಬಲ್ಲವು.

ಇಂತಹ ಘಟಕಕ್ಕೆ ತಗ್ಗಿನ ಜಾಗವೇ ಬೇಕು. ಕೊಳೆನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬಂದರೆ ಪಂಪಿನ ಖರ್ಚು ಉಳಿಯುತ್ತದೆ. ತಗ್ಗೆಂದರೆ ಹೊಳೆಯ ಮಗ್ಗುಲು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದವು. ಘಟಕಕ್ಕೆ ಜಾಗ ಗುರುತಿಸುವ ಇಂಜಿನಿಯರರು ನಕಾಶೆ ಬಿಡಿಸುವ ಮುನ್ನ ಆ ಓಣಿಗಳ ಹಿರಿಯರನ್ನು ಕಂಡು, ನೀರು ಎಲ್ಲಿಯವರೆಗೆ ಏರಿತ್ತೆಂದು ಕೇಳಿ ಹೋಗುವುದು ಒಳ್ಳೆಯದು.